ಡ್ರೈವ್ ಕೊಳ್ಳುವ ಮೊದಲು ಫೂಟೇಜ್ ಲೆಕ್ಕ ಹಾಕಿ

(ಮುಂಬಯಿಯ ಮಾಟುಂಗದಲ್ಲಿ, ವಿಡಿಯೋ ಕೆಲಸ ಮಾಡುವ ಕನ್ನಡಿಗರ ಮುಂದೆ ಆಡಿದ ಮಾತಿನ ಬರಹ ರೂಪ)

ನನಗೆ ಬರುವ ಫೋನ್‌ಗಳಲ್ಲಿ ಸುಮಾರು ಲ್ಯಾಮಿಂಗ್ಟನ್ ರೋಡಿನಿಂದಲೇ ಬರುತ್ತವೆ. ಗ್ರಾಂಟ್ ರೋಡ್ ಸ್ಟೇಷನ್ ಇಳಿದು, ಅಂಗಡಿ ಮುಂದೆ ನಿಂತು, "ಅಣ್ಣಾ, ಎಡಿಟಿಂಗ್‌ಗೆ ಯಾವ ಡ್ರೈವ್ ತಗೊಳ್ಲಿ? ಇವರು ಸೆಕೆಂಡಿಗೆ ಏಳು ಸಾವಿರ ಎಂಬಿ ಸ್ಪೀಡಿಂದು ತೋರಿಸ್ತಿದ್ದಾರೆ" ಅಂತ ಕೇಳುತ್ತಾರೆ. ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಕ್ಯಾಮೆರಾ ಯಾವುದು? ಒಂದು ಕೆಲಸಕ್ಕೆ ಎಷ್ಟು ಗಂಟೆ ಶೂಟ್ ಮಾಡ್ತೀಯ? ಕೆಲಸ ಮುಗಿದ ಮೇಲೆ ಎಷ್ಟು ವರ್ಷ ಇಟ್ಕೋಬೇಕು? ಮೊದಲ ಎರಡಕ್ಕೆ ಉತ್ತರ ತಕ್ಷಣ ಬರುತ್ತದೆ. ಮೂರನೆಯದಕ್ಕೆ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. ನಾನು ಇವತ್ತು ಮುಖ್ಯವಾಗಿ ಆ ಮೂರನೇ ಪ್ರಶ್ನೆಯ ಬಗ್ಗೆ ಮಾತಾಡಬೇಕು ಅಂತಲೇ ಬಂದದ್ದು. ಆದರೆ ಮೊದಲು ಸ್ಪೀಡಿನ ಲೆಕ್ಕ ಮುಗಿಸಿಬಿಡೋಣ. ಯಾಕೆಂದರೆ ನಮ್ಮ ದುಡ್ಡೆಲ್ಲ ಅಲ್ಲೇ ಖಾಲಿಯಾಗುತ್ತಿದೆ.

ಕ್ಯಾಮೆರಾದ ಮೆನುವಿನಲ್ಲಿ 100 ಎಂಬಿಪಿಎಸ್ ಅಂತ ಬರೆದಿರುತ್ತದೆ. ಡ್ರೈವ್‌ನ ಡಬ್ಬಿಯ ಮೇಲೆ 500 ಎಂಬಿ ಅಂತ ಇರುತ್ತದೆ. ಎರಡೂ ಒಂದೇ ಅಳತೆ ಅಂದುಕೊಳ್ಳಬೇಡಿ. ಕ್ಯಾಮೆರಾದವರು ಹೇಳುವುದು ಮೆಗಾಬಿಟ್. ಡ್ರೈವ್‌ನವರು ಹೇಳುವುದು ಮೆಗಾಬೈಟ್. ಒಂದು ಬೈಟಿಗೆ 8 ಬಿಟ್. ಹಾಗಾಗಿ 100 ಮೆಗಾಬಿಟ್‌ನ 4ಕೆ ಫೂಟೇಜ್ ಅಂದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್. ಗಂಟೆಗೆ 45 ಜಿಬಿ. ನಮ್ಮಲ್ಲಿ ಮದುವೆ, ಯಕ್ಷಗಾನ, ಸಭೆ-ಸಮಾರಂಭ ಶೂಟ್ ಮಾಡುವವರಲ್ಲಿ ಹೆಚ್ಚಿನವರ ಫೂಟೇಜ್ ಇಂಥದ್ದೇ ಅಲ್ವಾ? ನಾಲ್ಕು ಕ್ಯಾಮೆರಾ ಒಟ್ಟಿಗೆ ಎಡಿಟಿಂಗ್ ಪ್ರೋಗ್ರಾಂನ ಟೈಮ್‌ಲೈನ್‌ನಲ್ಲಿ ಇಟ್ಟರೂ ಸೆಕೆಂಡಿಗೆ 50 ಮೆಗಾಬೈಟ್. ಏಳು ಸಾವಿರ ಎಂಬಿಯ ಡ್ರೈವ್ ಇಲ್ಲಿ ಏನು ಮಾಡಬೇಕು ಹೇಳಿ.

ಭಾರದ ಫೂಟೇಜ್ ಇರುವವರ ಲೆಕ್ಕ ಬೇರೆ. ಆಪಲ್‌ನವರ ಪ್ರೋರೆಸ್ 422 ಎಚ್‌ಕ್ಯೂ ಅನ್ನುವ ಬಗೆ, ಯುಎಚ್‌ಡಿ ಅಂದರೆ 4ಕೆ ಸೈಜು, ಸೆಕೆಂಡಿಗೆ 25 ಫ್ರೇಮ್ ಅಂದರೆ ಸುಮಾರು 737 ಮೆಗಾಬಿಟ್. ಅಂದರೆ 92 ಮೆಗಾಬೈಟ್. ಗಂಟೆಗೆ 330 ಜಿಬಿ ಮೇಲೆ. ಅಂಧೇರಿ, ಗೋರೆಗಾಂವ್ ಕಡೆ ಜಾಹೀರಾತು, ಸೀರಿಯಲ್ ಕೆಲಸಕ್ಕೆ ಹೋಗುವವರಿಗೆ ಇದು ಸಿಗುತ್ತದೆ. ಇಂಥ ನಾಲ್ಕು ಕ್ಯಾಮೆರಾ ಒಟ್ಟಿಗೆ ಓಡಿಸಿದರೆ 370 ಮೆಗಾಬೈಟ್ ಹತ್ತಿರ ಬೇಕು. ಅದನ್ನೂ ಒಂದು ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಎಳೆಯುತ್ತದೆ. ಎಸ್‌ಎಸ್‌ಡಿ ಅಂದರೆ ತಿರುಗುವ ಡಿಸ್ಕ್ ಇಲ್ಲದ, ಚಿಪ್‌ನ ಡ್ರೈವ್. ಸಾಟಾ ಅಂದರೆ ಅದನ್ನು ಜೋಡಿಸುವ ಹಳೆಯ ಬಗೆ. ಅದರ ಮಿತಿ 550ರ ಆಸುಪಾಸು.

ಹಾಗಾದರೆ ಟೈಮ್‌ಲೈನ್ ಯಾಕೆ ತಡವರಿಸುತ್ತದೆ? ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಒಂದು ತಪ್ಪು ತಿಳುವಳಿಕೆಯಿಂದಲೇ ಎಷ್ಟೋ ಜನ ಬೇಡದ ಡ್ರೈವ್ ಕೊಂಡಿದ್ದಾರೆ. ಎಚ್.264, ಎಚ್.265 ಅನ್ನುವ ಕುಗ್ಗಿಸಿದ ಬಗೆಯ ಫೂಟೇಜ್‌ನಲ್ಲಿ ಪ್ರತಿ ಫ್ರೇಮ್ ಪೂರ್ತಿಯಾಗಿ ಇರುವುದಿಲ್ಲ. ಒಂದು ಪೂರ್ತಿ ಫ್ರೇಮ್, ಆಮೇಲೆ ಏನೇನು ಬದಲಾಯಿತು ಅನ್ನುವುದಷ್ಟೇ. ನೀವು ನಡುವೆ ಎಲ್ಲೋ ಕ್ಲಿಕ್ ಮಾಡಿದರೆ ಪ್ರೊಸೆಸರ್ ಹಿಂದಿನ ಪೂರ್ತಿ ಫ್ರೇಮ್‌ವರೆಗೆ ಹೋಗಿ, ಅಲ್ಲಿಂದ ಲೆಕ್ಕ ಮಾಡುತ್ತಾ ಬರಬೇಕು. ಸುಸ್ತಾಗುವುದು ಪ್ರೊಸೆಸರ್. ಡ್ರೈವ್ ಸುಮ್ನೆ ಕೂತಿರುತ್ತದೆ. ಮನೆಗೆ ಹೋಗಿ ನೋಡಿ. ವಿಂಡೋಸ್ ಆದರೆ ಟಾಸ್ಕ್ ಮ್ಯಾನೇಜರ್, ಮ್ಯಾಕ್ ಆದರೆ ಆಕ್ಟಿವಿಟಿ ಮಾನಿಟರ್ ತೆಗೆದಿಟ್ಟು ಟೈಮ್‌ಲೈನ್ ಪ್ಲೇ ಮಾಡಿ. ಡಿಸ್ಕ್ ಓದುತ್ತಿರುವುದು ಸೆಕೆಂಡಿಗೆ 20 ಎಂಬಿ, ಸಿಪಿಯು ಮಾತ್ರ ತುದಿ ಮುಟ್ಟಿದೆ ಅಂದರೆ ಹೊಸ ಡ್ರೈವ್‌ನಿಂದ ಏನೂ ಆಗುವುದಿಲ್ಲ. ಪ್ರಾಕ್ಸಿ ಮಾಡಿಕೊಳ್ಳಿ, ಅಂದರೆ ಎಡಿಟ್ ಮಾಡುವಾಗ ಮಾತ್ರ ಬಳಸುವ ಹಗುರ ನಕಲು. 1080 ಸೈಜಿನ ಪ್ರೋರೆಸ್ ಪ್ರಾಕ್ಸಿ ಗಂಟೆಗೆ 17 ಜಿಬಿ ಹಿಡಿಯುತ್ತದೆ, ಅಷ್ಟೇ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಬೆಣ್ಣೆಯ ಹಾಗೆ ಓಡುತ್ತದೆ.

ಪ್ರಾಕ್ಸಿ ಅಂದರೆ ಬಡವರ ಉಪಾಯ ಅಂತ ಯಾರೂ ತಿಳಿಯಬೇಡಿ. 1989ರಲ್ಲಿ ಆವಿಡ್‌ನವರು ಕಂಪ್ಯೂಟರ್ ಮೇಲೆ ಎಡಿಟ್ ಮಾಡುವ ಯಂತ್ರ ತಂದಾಗ ಹಾರ್ಡ್ ಡಿಸ್ಕ್ ಬಂಗಾರದಷ್ಟು ತುಟ್ಟಿ. ಪೂರ್ತಿ ಗುಣಮಟ್ಟದ ಫೂಟೇಜ್ ಹಾಕಿಕೊಳ್ಳಲು ಜಾಗವೇ ಇರಲಿಲ್ಲ. ಮಸುಕು ಮಸುಕಾದ ಚಿತ್ರ ಹಾಕಿಕೊಂಡು ಎಡಿಟ್ ಮಾಡಿ, ಆಮೇಲೆ ಮೂಲ ಟೇಪಿನಿಂದ ಅದೇ ಕಟ್‌ಗಳನ್ನು ಮತ್ತೆ ಜೋಡಿಸುತ್ತಿದ್ದರು. ಮಸುಕು ಚಿತ್ರದ ಎಡಿಟ್ ಆಫ್‌ಲೈನ್, ಮೂಲದಿಂದ ಜೋಡಿಸುವುದು ಆನ್‌ಲೈನ್, ಈ ಮಾತು ಇಂದಿಗೂ ಸ್ಟುಡಿಯೋಗಳಲ್ಲಿ ಉಳಿದಿದೆ. ಇಂಟರ್ನೆಟ್‌ಗೂ ಅದಕ್ಕೂ ಸಂಬಂಧ ಇಲ್ಲ. ದೊಡ್ಡ ದೊಡ್ಡ ಸಿನಿಮಾಗಳು ಹಾಗೇ ಎಡಿಟ್ ಆದವು. ಇರಲಿ, ಡ್ರೈವ್‌ಗೆ ಬರೋಣ.

ಹಾರ್ಡ್ ಡಿಸ್ಕ್ ಸೆಕೆಂಡಿಗೆ 100, 150, ಒಳ್ಳೆಯದಾದರೆ 200 ಎಂಬಿ ಕೊಡುತ್ತದಲ್ಲ, ನಾಲ್ಕು ಕ್ಯಾಮೆರಾದ 50 ಎಂಬಿಗೆ ಸಾಕಲ್ವಾ ಅಂತ ನೀವು ಕೇಳಬಹುದು. ಲೆಕ್ಕಕ್ಕೆ ಸಾಕು, ಕೆಲಸಕ್ಕೆ ಸಾಲದು. ನಮ್ಮ ಉಡುಪಿ ಹೋಟೆಲ್‌ಗಳನ್ನು ನೆನೆಸಿಕೊಳ್ಳಿ. ಸಪ್ಲೈಯರ್ ಒಬ್ಬನೇ. ಒಂದು ಟೇಬಲ್‌ಗೆ ಸಾಲಾಗಿ ಇಡ್ಲಿ ತಂದು ಹಾಕು ಅಂದರೆ ಎಷ್ಟು ಬೇಕಾದರೂ ತರುತ್ತಾನೆ. ನಾಲ್ಕು ಟೇಬಲ್‌ನವರು ಒಟ್ಟಿಗೆ ಕೂಗಿದರೆ ಅವನ ಸಮಯವೆಲ್ಲ ಓಡಾಟಕ್ಕೇ ಹೋಗುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಓದುವ ತಲೆ ಹಾಗೇ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ಗೆ ಒಂದು ಸುತ್ತಿಗೆ 8 ಮಿಲಿಸೆಕೆಂಡ್ ಬೇಕು. ತಲೆ ಒಂದು ಫೈಲ್‌ನಿಂದ ಇನ್ನೊಂದಕ್ಕೆ ಹಾರಬೇಕು, ಆಮೇಲೆ ಬೇಕಾದ ಜಾಗ ತಿರುಗಿ ಬರುವವರೆಗೆ ಕಾಯಬೇಕು. ಪ್ರತಿ ಸಲ ಹತ್ತು ಹದಿನೈದು ಮಿಲಿಸೆಕೆಂಡ್ ಹೋಯಿತು. ಡಿಸ್ಕ್ ತುಂಬುತ್ತಾ ಬಂದ ಹಾಗೆ ಒಳಗಿನ ಸುತ್ತುಗಳಿಗೆ ಬರುತ್ತೇವೆ, ಅಲ್ಲಿ ವೇಗ ಅರ್ಧಕ್ಕೆ ಇಳಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಓಡಾಡುವ ತಲೆಯೇ ಇಲ್ಲ. ಅದಕ್ಕೇ ಮಲ್ಟಿಕ್ಯಾಮ್, ಅಂದರೆ ಹಲವು ಕ್ಯಾಮೆರಾ ಒಟ್ಟಿಗೆ ಎಡಿಟ್ ಮಾಡುವವರು ಹಾರ್ಡ್ ಡಿಸ್ಕ್ ಮೇಲೆ ನೇರವಾಗಿ ಎಡಿಟ್ ಮಾಡಬಾರದು ಅನ್ನುವುದು. ಹಾರ್ಡ್ ಡಿಸ್ಕ್ ಬೆಲೆ ಎಷ್ಟೇ ಕಡಿಮೆ ಇರಲಿ, ಕೆಲಸದ ಡ್ರೈವ್ ಎಸ್‌ಎಸ್‌ಡಿಯೇ ಇರಬೇಕು. ಸಾಟಾ ಸಾಕು. ಎನ್‌ವಿಎಂಇ ಅನ್ನುವ, ಅದಕ್ಕಿಂತ ವೇಗದ ಎಸ್‌ಎಸ್‌ಡಿಯ ಬೆಲೆ ಅದಕ್ಕೆ ಹತ್ತಿರವೇ ಇದ್ದರೆ ಅದನ್ನೇ ತಗೊಳ್ಳಿ, ತಪ್ಪಿಲ್ಲ. ಒಳಗಿನ ಎನ್‌ವಿಎಂಇಯಲ್ಲಿ ಕ್ಯಾಶ್ ಫೋಲ್ಡರ್ (ಎಡಿಟಿಂಗ್ ಪ್ರೋಗ್ರಾಂ ತಾತ್ಕಾಲಿಕವಾಗಿ ಮಾಡಿಕೊಳ್ಳುವ ಫೈಲ್‌ಗಳ ಜಾಗ) ಇಟ್ಟರೆ ಪ್ರೀಮಿಯರ್ ಆಗಲಿ, ಡಾವಿಂಚಿ ರಿಸಾಲ್ವ್ ಆಗಲಿ ಚುರುಕಾಗುತ್ತದೆ. ಅದೂ ಹಳೆಯ ತಲೆಮಾರಿನ, ಜನರೇಷನ್ 3ರದ್ದು ಸಾಕು. ಐದನೇ ಜನರೇಷನ್‌ನ ಡ್ರೈವ್ ಬಿಸಿಯಾಗುವುದು ಜಾಸ್ತಿ. ನಮ್ಮ ಕೆಲಸಕ್ಕೆ ಅದರಿಂದ ಕಣ್ಣಿಗೆ ಕಾಣುವ ಲಾಭ ಇಲ್ಲ.

ಡಬ್ಬಿಯ ಮೇಲೆ ಬರೆಯದ ಒಂದು ವಿಷಯ ಇದೆ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ಸುಮಾರು ಕ್ಯೂಎಲ್‌ಸಿ ಅನ್ನುವ ಬಗೆಯ ಚಿಪ್ ಇರುತ್ತದೆ. ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುರುಕುವ ಚಿಪ್ ಅದು. ಬರೆಯುವುದು ನಿಧಾನ. ಅದನ್ನು ಮರೆಸಲು ಒಳಗೆ ಒಂದು ಚುರುಕು ಜಾಗ ಇಟ್ಟಿರುತ್ತಾರೆ. ಮೊದಲ ಐವತ್ತೋ ನೂರೋ ಜಿಬಿ ಹಾರಿಕೊಂಡು ಹೋಗುತ್ತದೆ. ಆ ಜಾಗ ತುಂಬಿದ ಮೇಲೆ ಹಾರ್ಡ್ ಡಿಸ್ಕ್‌ಗಿಂತ ಕೆಳಗೆ ಬೀಳುವುದೂ ಉಂಟು. ರಾತ್ರಿ ಹನ್ನೊಂದಕ್ಕೆ ಮದುವೆ ಮುಗಿಸಿ, 400 ಜಿಬಿ ಕಾರ್ಡ್ ಡಂಪ್ ಮಾಡಲು ಕೂತವರಿಗೆ ಇದರ ಕಷ್ಟ ಗೊತ್ತು. ಕೊಳ್ಳುವಾಗ ಟಿಎಲ್‌ಸಿ, ಅಂದರೆ ಕೋಶಕ್ಕೆ ಮೂರೇ ಬಿಟ್ ಇಡುವ ಚಿಪ್ ಇದೆಯಾ ಅಂತ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಮಾಡೆಲ್ ನಂಬರ್ ಬರೆದುಕೊಂಡು ಬಂದು ಮನೆಯಲ್ಲಿ ಹುಡುಕಿ, ಮಾರನೇ ದಿನ ಹೋಗಿ ತನ್ನಿ. ಅವಸರ ಇಲ್ಲ. ಮತ್ತೆ, ಎಸ್‌ಎಸ್‌ಡಿಯನ್ನು ತುದಿಯವರೆಗೆ ತುಂಬಬೇಡಿ. ಐದರಲ್ಲಿ ಒಂದು ಪಾಲು ಖಾಲಿ ಬಿಡಿ.

ಕೇಬಲ್ ವಿಷಯ. ಠಾಣೆ ಊರಿನ ಒಬ್ಬ ಹುಡುಗ ನನ್ನ ಹತ್ತಿರ ಹೊಸ ಎಸ್‌ಎಸ್‌ಡಿ ತಂದು, "ಇದು ಹಾಳಾಗಿದೆ ಅಣ್ಣಾ, 40ರ ಮೇಲೆ ಹೋಗ್ತಾನೇ ಇಲ್ಲ" ಅಂದ. ಡ್ರೈವ್ ಸರಿಯಾಗೇ ಇತ್ತು. ಡಬ್ಬಿಯ ಕೇಬಲ್ ಎಲ್ಲೋ ಮರೆತು, ಫೋನ್ ಚಾರ್ಜರ್‌ನ ಟೈಪ್-ಸಿ ಕೇಬಲ್ ಹಾಕಿದ್ದ. ಹೊರಗಿಂದ ಎರಡೂ ಒಂದೇ ಥರ. ಆದರೆ ಚಾರ್ಜಿಂಗ್ ಕೇಬಲ್‌ಗಳಲ್ಲಿ ಬಹಳಷ್ಟು ಒಳಗೆ ಹಳೆಯ ಯುಎಸ್‌ಬಿ 2 ತಂತಿ. 500 ಜಿಬಿ ಕಾಪಿ ಆಗಲು ಅದರಲ್ಲಿ ಮೂರೂವರೆ ಗಂಟೆ. ಸರಿಯಾದ ಕೇಬಲ್ ಹಾಕಿದೆವು, ಇಪ್ಪತ್ತು ನಿಮಿಷದೊಳಗೆ ಮುಗಿಯಿತು. ಪೋರ್ಟ್ ಕೂಡ ನೋಡಬೇಕು. ಸೆಕೆಂಡಿಗೆ 2000 ಎಂಬಿ ಅಂತ ಬರೆದ ಕೆಲವು ಹೊರಗಿನ ಎಸ್‌ಎಸ್‌ಡಿಗಳಿಗೆ 20 ಗಿಗಾಬಿಟ್‌ನ ಪೋರ್ಟ್ ಬೇಕು. ಅದು ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ. ಆಗ ಸಿಗುವುದು ಅರ್ಧ, 1000. ನಿಮ್ಮ ಕಂಪ್ಯೂಟರ್ ಕೊಡದ ವೇಗಕ್ಕೆ ನೀವು ಯಾಕೆ ದುಡ್ಡು ಕೊಡಬೇಕು?

ಇನ್ನೊಂದು ಎಚ್ಚರಿಕೆ. ಎರಡು ಸಾವಿರ ರೂಪಾಯಿಗೆ 16 ಟಿಬಿ ಎಸ್‌ಎಸ್‌ಡಿ ಅಂತ ಆನ್‌ಲೈನ್‌ನಲ್ಲೂ ಫುಟ್‌ಪಾತ್‌ನಲ್ಲೂ ಮಾರುತ್ತಾರೆ. ಅದು ಮೋಸ. ಒಳಗೆ ಸಣ್ಣ ಮೆಮೊರಿ ಕಾರ್ಡ್ ಇಟ್ಟು, ಕಂಪ್ಯೂಟರ್‌ಗೆ 16 ಟಿಬಿ ಅಂತ ಸುಳ್ಳು ತೋರಿಸುವ ಹಾಗೆ ಮಾಡಿರುತ್ತಾರೆ. ಫೈಲ್‌ಗಳ ಹೆಸರು ಕಾಣುತ್ತವೆ. ಒಳಗೆ ಚಿತ್ರ ಇರುವುದಿಲ್ಲ. ಯಾವ ಡ್ರೈವ್ ತಂದರೂ ಮೊದಲ ದಿನ ಪೂರ್ತಿ ಬರೆದು, ಪೂರ್ತಿ ಓದಿ ಪರೀಕ್ಷೆ ಮಾಡಿ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ, ಮ್ಯಾಕ್‌ಗೆ ಎಫ್3 ಅಂತ ಉಚಿತ ಪ್ರೋಗ್ರಾಂಗಳಿವೆ. ಆದರೆ ಒಂದು ಟಿಬಿ ಡ್ರೈವ್ ವಿಂಡೋಸ್‌ನಲ್ಲಿ 931 ಜಿಬಿ ಅಂತ ಕಂಡರೆ ಗಾಬರಿಯಾಗಬೇಡಿ. ಅದು ಎಣಿಸುವ ಕ್ರಮದ ವ್ಯತ್ಯಾಸ.

ಈಗ ಮೂರನೇ ಪ್ರಶ್ನೆ, ಎಷ್ಟು ವರ್ಷ ಇಟ್ಕೋಬೇಕು ಅನ್ನುವುದು.

2013ರಲ್ಲಿ ಮುಲುಂಡ್ ಕಡೆಯ ಒಂದು ಹಾಲ್‌ನಲ್ಲಿ ತಾಳಮದ್ದಳೆ ಆಯಿತು. ನಾನು ಎರಡು ಕ್ಯಾಮೆರಾ ಇಟ್ಟು ಶೂಟ್ ಮಾಡಿದೆ. ದುಡ್ಡಿಗಲ್ಲ, ಆಸೆಗೆ. ಅರ್ಥ ಹೇಳಿದವರಲ್ಲಿ ಒಬ್ಬರಿಗೆ ಎಂಬತ್ತರ ಹತ್ತಿರ ವಯಸ್ಸು. ಊರಿನಿಂದ ಬಂದಿದ್ದರು. ಅವತ್ತು ಕರ್ಣನ ಮಾತು ಅವರು ಆಡಿದ ಹಾಗೆ ನಾನು ಮತ್ತೆ ಕೇಳಿಲ್ಲ. ಮನೆಗೆ ಬಂದು ಎರಡೂ ಕಾರ್ಡ್‌ಗಳನ್ನು ಒಂದು ಪೋರ್ಟಬಲ್ ಹಾರ್ಡ್ ಡಿಸ್ಕ್‌ಗೆ ಹಾಕಿದೆ. ಮಾರನೇ ದಿನ ಇನ್ನೊಂದು ಕೆಲಸ ಇತ್ತು, ಕಾರ್ಡ್ ಫಾರ್ಮ್ಯಾಟ್ ಮಾಡಿದೆ. ಒಂದು ವಾರ ಕಳೆದು ಹಾರ್ಡ್ ಡಿಸ್ಕ್ ಓಡುತ್ತಿರುವಾಗ ಕೇಬಲ್ ಕಾಲಿಗೆ ಸಿಕ್ಕಿ ಮೇಜಿನಿಂದ ಕೆಳಗೆ ಬಿತ್ತು. ಎರಡೂವರೆ ಅಡಿ, ಅಷ್ಟೇ. ಓಡುವಾಗ ಡಿಸ್ಕ್‌ಗೂ ತಲೆಗೂ ನಡುವೆ ಇರುವ ಸಂದು ಒಂದು ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಎತ್ತಿ ಹಚ್ಚಿದಾಗ ಟಕ್, ಟಕ್, ಟಕ್ ಅಂತ ಸದ್ದು. ಡೇಟಾ ರಿಕವರಿಯವರ ಹತ್ತಿರ ತಗೊಂಡು ಹೋದೆ. ನನ್ನ ಎರಡು ತಿಂಗಳ ಸಂಪಾದನೆ ಕೊಟ್ಟ ಮೇಲೆ ಮೊದಲ ನಲವತ್ತು ನಿಮಿಷ ಸಿಕ್ಕಿತು. ಕರ್ಣನ ಮಾತು ಇದ್ದದ್ದು ಮೂರನೇ ಗಂಟೆಯಲ್ಲಿ.

ಎರಡು ವರ್ಷದ ಮೇಲೆ, ಕರ್ಣನ ಮಾತು ಆಡಿದ ಆ ಹಿರಿಯರು ತೀರಿಕೊಂಡರು. ಅವರ ಮಗಳು ಡೊಂಬಿವಲಿಯಲ್ಲಿದ್ದಾರೆ. "ಅಪ್ಪ ಮಾತಾಡಿದ್ದು ನಿಮ್ಮ ಹತ್ರ ಇದೆ ಅಂತ ಕೇಳಿದೆ" ಅಂತ ಫೋನ್ ಮಾಡಿದರು. ನಾನು ಆ ನಲವತ್ತು ನಿಮಿಷವನ್ನು ಪೆನ್ ಡ್ರೈವ್‌ಗೆ ಹಾಕಿ ಕೊಟ್ಟು ಬಂದೆ. ಅದರಲ್ಲಿ ಅವರು ವೇದಿಕೆಯ ಮೇಲೆ ಸುಮ್ನೆ ಕೂತಿರುವುದು ಕಾಣುತ್ತದೆ, ಒಂದು ಸಲ ಮದ್ದಳೆಯವರ ಕಡೆ ತಿರುಗಿ ನಗುತ್ತಾರೆ. ಅಷ್ಟೇ ಇದೆ.

ಹೊಸ ಕೇಬಲ್ ಬೆಲೆ, ಹೊಸ ಎಸ್‌ಎಸ್‌ಡಿ ಬೆಲೆ ನಾವು ಎಷ್ಟು ಚೌಕಾಸಿ ಮಾಡುತ್ತೇವೆ! ಅವತ್ತು ಎರಡನೇ ಹಾರ್ಡ್ ಡಿಸ್ಕ್‌ಗೆ ನಾಲ್ಕೈದು ಸಾವಿರ ಆಗುತ್ತಿತ್ತು.

ಹಾಗಾಗಿ ನನ್ನ ಮಾತು ಇಷ್ಟೇ. ನಿಮ್ಮ ಹತ್ತಿರ ಇಪ್ಪತ್ತು ಸಾವಿರ ಇದ್ದರೆ ಇಪ್ಪತ್ತನ್ನೂ ಒಂದು ವೇಗದ ಡ್ರೈವ್‌ಗೆ ಹಾಕಬೇಡಿ. ಕೆಲಸಕ್ಕೆ ಒಂದು ಸಾಧಾರಣ ಎಸ್‌ಎಸ್‌ಡಿ ತಗೊಂಡು, ಉಳಿದದ್ದರಲ್ಲಿ ಎರಡು ಹಾರ್ಡ್ ಡಿಸ್ಕ್ ತನ್ನಿ. ಡ್ರೈವ್ ಕೆಡುವುದು ಅಪರೂಪ ಅಲ್ವಾ ಅನ್ನಬೇಡಿ. ಬ್ಯಾಕ್‌ಬ್ಲೇಜ್ ಅನ್ನುವ ಅಮೆರಿಕದ ಕಂಪನಿ ಲಕ್ಷಗಟ್ಟಲೆ ಹಾರ್ಡ್ ಡಿಸ್ಕ್ ಓಡಿಸುತ್ತದೆ, ಎಷ್ಟು ಕೆಟ್ಟವು ಅಂತ ಲೆಕ್ಕ ಬಹಿರಂಗ ಮಾಡುತ್ತದೆ. 2024ರ ಪ್ರಮಾಣ ಶೇಕಡಾ 1.57. ಅದೂ ಎಸಿ ಕೋಣೆಯಲ್ಲಿ, ಅಲುಗಾಡದ ಕಪಾಟಿನಲ್ಲಿ. ನಮ್ಮ ಡ್ರೈವ್‌ಗಳು ಬ್ಯಾಗಿನಲ್ಲಿ ಕೂತು ವಿರಾರ್ ಲೋಕಲ್‌ನಲ್ಲಿ ಓಡಾಡುತ್ತವೆ.

ಪೀಟರ್ ಕ್ರೋ ಅನ್ನುವ ಅಮೆರಿಕದ ಫೋಟೋಗ್ರಾಫರ್ ಜನಪ್ರಿಯ ಮಾಡಿದ ಒಂದು ನಿಯಮ ಇದೆ, 3-2-1. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಜಾಗದಲ್ಲಿ. ಬೇರೆ ಜಾಗ ಅನ್ನುವುದನ್ನು ಮುಂಬಯಿಯವರಿಗೆ ನಾನು ವಿವರಿಸಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಕುರ್ಲಾ, ಕಲೀನಾ ಕಡೆ ನೆಲಮಹಡಿಯ ಮನೆಗಳಲ್ಲಿ ನೀರು ಎಲ್ಲಿವರೆಗೆ ಬಂತು ಅಂತ ಇಲ್ಲಿ ಕೂತವರಲ್ಲಿ ಕೆಲವರಿಗೆ ಚೆನ್ನಾಗಿ ನೆನಪಿದೆ. ಒಂದೇ ಕಪಾಟಿನಲ್ಲಿ ಮೂರು ಪ್ರತಿ ಇದ್ದಿದ್ದರೆ ಮೂರೂ ಹೋಗುತ್ತಿದ್ದವು. ಮಳೆಯ ಮಾತು ಬಂತು ಅಂತ ಹೇಳುತ್ತೇನೆ, 2011ರಲ್ಲಿ ಥಾಯ್ಲೆಂಡ್‌ನಲ್ಲಿ ನೆರೆ ಬಂದು ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿದವು. ಆಗ ಇಡೀ ಪ್ರಪಂಚದಲ್ಲೇ ಬೆಲೆ ಏರಿತು. ಬೇಕಾದಾಗ ತಂದರಾಯಿತು ಅಂತ ಯಾವಾಗಲೂ ಇರಲು ಆಗುವುದಿಲ್ಲ.

ಬೇರೆ ಜಾಗಕ್ಕೆ ಕ್ಲೌಡ್ ಹಾಕಿ ಅನ್ನುತ್ತಾರೆ. ಮುಗಿದ ವಿಡಿಯೋಗೆ ಸರಿ. ತಿಂಗಳಿಗೆ ಎರಡು ಟಿಬಿ ಮೂಲ ಫೂಟೇಜ್ ಮನೆಯ ಇಂಟರ್ನೆಟ್‌ನಲ್ಲಿ ಏರಿಸುವುದು, ಅದಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ನಮ್ಮಂಥವರಿಗೆ ಕಷ್ಟ. ನಮಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ. ನಮಗೆಲ್ಲ ಊರಿದೆ. ನಾನು ವರ್ಷಕ್ಕೆ ಎರಡು ಸಲ ಕುಂದಾಪುರಕ್ಕೆ ಹೋಗುವಾಗ ಆ ಆರು ತಿಂಗಳ ಪ್ರತಿಯನ್ನು ಮತ್ಸ್ಯಗಂಧ ರೈಲಿನಲ್ಲಿ ಕೈಚೀಲದಲ್ಲೇ ಇಟ್ಟುಕೊಂಡು ಹೋಗುತ್ತೇನೆ. ಅಮ್ಮನ ಗೋದ್ರೆಜ್ ಕಪಾಟಿನಲ್ಲಿ, ಸೀರೆಗಳ ಪಕ್ಕ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಹೋದಾಗ ಹಳೆಯ ಡ್ರೈವ್‌ಗಳನ್ನು ಒಂದೊಂದಾಗಿ ಹಚ್ಚಿ, ಫೈಲ್ ತೆರೆದು ನೋಡಿ ಬರುತ್ತೇನೆ. ಸುಮ್ನೆ ಇಟ್ಟು ಮರೆತರೆ ಅದು ಪ್ರತಿ ಅಲ್ಲ.

ಇಡುವ ಪ್ರತಿಗೆ ಎಸ್‌ಎಸ್‌ಡಿ ಬೇಡ. ಅದರಲ್ಲಿ ಡೇಟಾ ಇರುವುದು ವಿದ್ಯುತ್ ಕಣಗಳ ರೂಪದಲ್ಲಿ, ಕರೆಂಟ್ ಇಲ್ಲದೆ ಬಹಳ ಕಾಲ ಬಿಟ್ಟರೆ ಮೆಲ್ಲಗೆ ಸೋರುತ್ತದೆ. ಮೆಮೊರಿ ಚಿಪ್‌ಗಳಿಗೆ ಮಾನದಂಡ ಗೊತ್ತುಮಾಡುವ ಜೆಡೆಕ್ ಸಂಸ್ಥೆಯ ಪ್ರಕಾರ, ಬರೆಯುವ ಆಯಸ್ಸು ಪೂರ್ತಿ ಮುಗಿಸಿದ ಮನೆಬಳಕೆಯ ಎಸ್‌ಎಸ್‌ಡಿ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿದುಕೊಂಡರೆ ಸಾಕು. ಹೊಸ ಡ್ರೈವ್ ಇನ್ನೂ ಬಹಳ ಕಾಲ ಹಿಡಿಯುತ್ತದೆ, ನಿಜ. ಆದರೆ ಸೆಖೆ ಹೆಚ್ಚಿದಷ್ಟೂ ಈ ಅವಧಿ ಕಡಿಮೆಯಾಗುತ್ತದೆ, ನಮ್ಮದು ಕರಾವಳಿ. ಹಾರ್ಡ್ ಡಿಸ್ಕ್ ಇದಕ್ಕೆ ಮೇಲು. ದೊಡ್ಡ ಸಂಸ್ಥೆಗಳು ಎಲ್‌ಟಿಓ ಟೇಪ್ ಬಳಸುತ್ತವೆ. ಟೇಪ್ ಅಗ್ಗ, ಆದರೆ ಓದುವ ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು. ನಾಲ್ಕೈದು ಜನ ಸೇರಿ ತಂದರೆ ಆದೀತು, ಒಬ್ಬರಿಗೆ ಬೇಡ.

ಹಾರ್ಡ್ ಡಿಸ್ಕ್‌ನಲ್ಲೂ ಎರಡು ಜಾತಿ. ಸಿಎಂಆರ್ ಮತ್ತು ಎಸ್‌ಎಂಆರ್. ಸಿಎಂಆರ್‌ನಲ್ಲಿ ಬರೆದ ಸಾಲುಗಳು ಒಂದರ ಮೇಲೊಂದು ಏರದೆ ಬೇರೆ ಬೇರೆ ಇರುತ್ತವೆ. ಎಸ್‌ಎಂಆರ್ ಅಂದರೆ ಮಂಗಳೂರು ಹೆಂಚಿನ ಮಾಡು ಇದ್ದ ಹಾಗೆ, ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಸ್ವಲ್ಪ ಏರಿ ಕೂತಿರುತ್ತದೆ. ಜಾಗ ಉಳಿಯುತ್ತದೆ. ಆದರೆ ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅಕ್ಕಪಕ್ಕದ್ದನ್ನೂ ಎಬ್ಬಿಸಬೇಕು ಅಲ್ವಾ? ಹಾಗೇ ಅಲ್ಲಿ ತಿದ್ದಿ ತಿದ್ದಿ ಬರೆಯುವುದು ಬಹಳ ನಿಧಾನ. ಪೋರ್ಟಬಲ್ ಡಿಸ್ಕ್‌ಗಳಲ್ಲಿ ಹೆಚ್ಚಿನವು ಇದೇ. ಒಂದು ಸಲ ಬರೆದು ಎತ್ತಿಡಲು ತೊಂದರೆ ಇಲ್ಲ. ನಾಸ್ ಪೆಟ್ಟಿಗೆಗೆ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ), ರೇಡ್‌ಗೆ (ಹಲವು ಡಿಸ್ಕ್ ಒಂದಾಗಿ ಓಡಿಸುವ ಕ್ರಮ) ಮಾತ್ರ ಸಿಎಂಆರ್ ಕೇಳಿ ತನ್ನಿ.

ರೇಡ್ ಅಂದೆ. ಎರಡು ಡಿಸ್ಕ್‌ನಲ್ಲಿ ಒಂದೇ ಸಲ ಬರೆಯುವ ರೇಡ್ 1 ಇದ್ದರೆ ಬ್ಯಾಕಪ್ ಆಯಿತು ಅಂತ ಕೆಲವರು ನಂಬಿದ್ದಾರೆ. ಒಂದು ಡಿಸ್ಕ್ ಕೆಟ್ಟರೆ ಕೆಲಸ ನಿಲ್ಲುವುದಿಲ್ಲ, ಅಷ್ಟು ಮಾತ್ರ. ನೀವು ತಪ್ಪಿ ಫೋಲ್ಡರ್ ಅಳಿಸಿದರೆ ಎರಡರಲ್ಲೂ ಒಂದೇ ಕ್ಷಣದಲ್ಲಿ ಅಳಿಯುತ್ತದೆ. ಇನ್ನು ವೇಗಕ್ಕಾಗಿ ಎರಡು ಡಿಸ್ಕ್‌ಗೆ ಹಂಚಿ ಬರೆಯುವ ರೇಡ್ 0 ಬಗ್ಗೆ ಹೇಳುವುದಾದರೆ, ಒಂದು ಡಿಸ್ಕ್ ಹೋದರೆ ಎರಡರ ಫೂಟೇಜೂ ಹೋಯಿತು. ಕ್ಯಾಶ್ ಬಿಟ್ಟು ಬೇರೇನೂ ಅದರಲ್ಲಿ ಇಡಬೇಡಿ.

ಕಾರ್ಡ್ ಖಾಲಿ ಮಾಡುವುದಕ್ಕೆ ನನ್ನ ಮನೆಯಲ್ಲಿ ಈಗ ಒಂದು ಕ್ರಮ ಇದೆ. ಎಷ್ಟೇ ರಾತ್ರಿಯಾಗಲಿ ತಪ್ಪಿಸುವುದಿಲ್ಲ. ಕಾರ್ಡ್‌ನಿಂದ ನೇರವಾಗಿ ಎರಡು ಕಡೆಗೆ ಕಾಪಿ. ಮೊದಲನೇ ಪ್ರತಿಯಿಂದ ಎರಡನೆಯದನ್ನು ಮಾಡುವುದಿಲ್ಲ, ಯಾಕೆಂದರೆ ಮೊದಲನೆಯದರಲ್ಲಿ ತಪ್ಪಿದ್ದರೆ ಎರಡನೆಯದರಲ್ಲೂ ಅದೇ ತಪ್ಪು. ಸುಮ್ನೆ ಎಳೆದು ಹಾಕಿದರೆ ಕಂಪ್ಯೂಟರ್ ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುವುದಿಲ್ಲ. ಹಾಗೆ ತಾಳೆ ನೋಡುವ, ಅಂದರೆ ಚೆಕ್‌ಸಮ್ ನೋಡುವ ಪ್ರೋಗ್ರಾಂ ಬಳಸಿ. ವಿಂಡೋಸ್‌ನಲ್ಲಿ ಟೆರಾಕಾಪಿ ಸಾಕು, ವೆರಿಫೈ ಹಾಕಿಕೊಳ್ಳಿ. ಆಮೇಲೆ ಪ್ರತಿ ಕ್ಯಾಮೆರಾದ ಮೊದಲ ಕ್ಲಿಪ್, ಕೊನೆಯ ಕ್ಲಿಪ್, ನಡುವಿನ ಒಂದು ಕ್ಲಿಪ್ ತೆರೆದು ನೋಡುತ್ತೇನೆ. ಅಷ್ಟಾಗುವವರೆಗೆ ಕಾರ್ಡ್‌ಗಳು ಒಂದು ಕೆಂಪು ಚೀಲದಲ್ಲಿ ಇರುತ್ತವೆ. ಕೆಂಪು ಚೀಲಕ್ಕೆ ಮನೆಯಲ್ಲಿ ಯಾರೂ ಕೈ ಹಾಕುವುದಿಲ್ಲ.

ಮಳೆಗಾಲಕ್ಕೆ ಒಂದು ಮಾತು. ಎಸಿ ಕೋಣೆಯಿಂದ ಡ್ರೈವ್ ಹೊರಗೆ ತಂದ ಕೂಡಲೇ ಹಚ್ಚಬೇಡಿ. ಕನ್ನಡಕಕ್ಕೆ ಮಂಜು ಹಿಡಿಯುತ್ತದಲ್ಲ, ಹಾಗೇ ಡ್ರೈವ್‌ನ ಮೇಲೂ ತೇವ ಕೂರುತ್ತದೆ. ಚೀಲದಲ್ಲೇ ಅರ್ಧ ಗಂಟೆ ಬಿಡಿ. ಮ್ಯಾಕ್, ವಿಂಡೋಸ್ ಎರಡಕ್ಕೂ ಬೇಕಾದರೆ ಎಕ್ಸ್‌ಫ್ಯಾಟ್ ಅನ್ನುವ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿ, ಆದರೆ ಇಜೆಕ್ಟ್ ಮಾಡದೆ ಕೀಳಬೇಡಿ. ನಡುವೆ ಕಿತ್ತರೆ ಸರಿಪಡಿಸಿಕೊಳ್ಳುವ ವ್ಯವಸ್ಥೆ ಅದರಲ್ಲಿ ಇಲ್ಲ.

ಕೊನೆಯದಾಗಿ, ಒಂದು ನೋಟ್‌ಬುಕ್ ಇಡಿ. ಪ್ರತಿ ಡ್ರೈವ್‌ಗೂ ನಂಬರ್ ಅಂಟಿಸಿ. ಯಾವ ನಂಬರಿನಲ್ಲಿ ಯಾವ ಕಾರ್ಯಕ್ರಮ, ಯಾವ ತಾರೀಖು, ಇನ್ನೊಂದು ಪ್ರತಿ ಎಲ್ಲಿದೆ, ಕೊನೆಗೆ ಯಾವಾಗ ತೆರೆದು ನೋಡಿದೆ, ಎಲ್ಲ ಕನ್ನಡದಲ್ಲಿ ಕೈಯಿಂದಲೇ ಬರೆಯಿರಿ. ನನ್ನದರಲ್ಲಿ ಈಗ 37 ಡ್ರೈವ್ ಇವೆ. ಆ ನೋಟ್‌ಬುಕ್ ಎಲ್ಲಿದೆ ಅಂತ ನನ್ನ ಹೆಂಡತಿಗೂ ಗೊತ್ತು, ಊರಿನಲ್ಲಿ ತಮ್ಮನಿಗೂ ಗೊತ್ತು. ಮೊದಲ ಪುಟದಲ್ಲಿ ನಂಬರ್ 1ರ ಎದುರು ಮುಲುಂಡ್ ತಾಳಮದ್ದಳೆ, 40 ನಿಮಿಷ ಅಂತ ಬರೆದಿದ್ದೇನೆ. ಅದರ ಪ್ರತಿಗಳು ಈಗ ನಾಲ್ಕು ಕಡೆ ಇವೆ.